ಮಾತು ಬಿಟ್ಟವರ ಹಾಡು

ಒಬ್ಬನ ತಪ್ಪನ್ನು ಸಹಿಸಲಾರೆ ಎಂದು ಅವನೊಡನೆ ಮಾತು ಬಿಡುತ್ತೇವೆ, ಅವನ ಜೊತೆಗಿನ ವ್ಯಾಪಾರ ಮಾತ್ರ ಬಿಡುವುದಿಲ್ಲ. ಇದು ತಪ್ಪಿನ ಖಂಡನೆಯೇ, ಅಥವಾ ನಮ್ಮ ಮನಸ್ಸಾಕ್ಷಿಗೆ ನಾವೇ ಕೊಟ್ಟುಕೊಂಡ ಲಂಚವೇ? ಅಮೆರಿಕದ ಸೋಲ್ ಗಾಯಕ ಜೋಡಿ ಸ್ಯಾಮ್ ಮೂರ್ ಮತ್ತು ಡೇವ್ ಪ್ರೇಟರ್ ಅವರ ಕೊನೆಯ ವರ್ಷಗಳ ಹಾಡುಗಳನ್ನು ಕೇಳುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಇಬ್ಬರೂ ಕಪ್ಪು ಜನರ ಚರ್ಚುಗಳಲ್ಲಿ ಭಕ್ತಿಗೀತೆ ಹಾಡಿ ಬೆಳೆದವರು. 1961ರಲ್ಲಿ ಮಯಾಮಿಯ ಒಂದು ಕ್ಲಬ್ಬಿನಲ್ಲಿ ಜೊತೆಯಾದರು. ಮೆಂಫಿಸ್ ನಗರದ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಐಸಾಕ್ ಹೇಯ್ಸ್ ಮತ್ತು ಡೇವಿಡ್ ಪೋರ್ಟರ್ ಬರೆದುಕೊಟ್ಟ ಹಾಡುಗಳಿಂದ, ಮುಖ್ಯವಾಗಿ 1967ರ 'ಸೋಲ್ ಮ್ಯಾನ್'ನಿಂದ, ಮನೆಮಾತಾದರು. ಅವರ ಗಾಯನದ ಜೀವಾಳ ಚರ್ಚಿನಿಂದಲೇ ಬಂದದ್ದು. ಒಬ್ಬರು ಕರೆಯುತ್ತಾರೆ, ಇನ್ನೊಬ್ಬರು ಓಗೊಡುತ್ತಾರೆ. ಎದುರಿನವನ ಉಸಿರು ಎಲ್ಲಿ ಮುಗಿಯುತ್ತದೆಂದು ಕಿವಿಗೊಟ್ಟು ಕಾಯದವನಿಗೆ ಈ ಹಾಡುಗಾರಿಕೆ ದಕ್ಕದು.

1968ರಲ್ಲಿ ಸ್ಟ್ಯಾಕ್ಸ್ ಮತ್ತು ಅಟ್ಲಾಂಟಿಕ್ ಕಂಪೆನಿಗಳ ನಡುವಿನ ಒಪ್ಪಂದ ಮುರಿದುಬಿತ್ತು. ಸ್ಟ್ಯಾಕ್ಸ್‌ಗೆ ಎರವಲು ಬಂದಿದ್ದ ಈ ಜೋಡಿ ಅಟ್ಲಾಂಟಿಕ್‌ಗೆ ಮರಳಬೇಕಾಯಿತು. ಮೆಂಫಿಸ್‌ನ ಆ ವಾದ್ಯಗಾರರು, ಆ ಹಾಡು ಬರೆಯುವವರು ಕೈತಪ್ಪಿದ ಮೇಲೆ ಮೊದಲಿನ ಯಶಸ್ಸು ಮರಳಲಿಲ್ಲ. ಅದೇ ವರ್ಷದ ಇನ್ನೊಂದು ಘಟನೆಯನ್ನು ಮೂರ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮನೆಜಗಳವೊಂದರಲ್ಲಿ ಪ್ರೇಟರ್ ತಮ್ಮ ಪತ್ನಿಯ ಮೇಲೆ ಗುಂಡು ಹಾರಿಸಿದರು. ಆಕೆ ಬದುಕುಳಿದರು. ನಿನ್ನ ಜೊತೆ ಹಾಡುತ್ತೇನೆ, ಆದರೆ ಇನ್ನೆಂದೂ ಮಾತಾಡುವುದಿಲ್ಲ ಎಂದು ಮೂರ್ ಹೇಳಿದರಂತೆ. 1970ರಲ್ಲಿ ಬೇರೆಯಾದರು, 1971ರಲ್ಲಿ ಮತ್ತೆ ಕೂಡಿದರು. 1981ರ ಡಿಸೆಂಬರ್ 31ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯ ಬಾರಿ ಒಟ್ಟಿಗೆ ಹಾಡಿದರು. ಸುಮಾರು ಹದಿಮೂರು ವರ್ಷ ವೇದಿಕೆಯ ಹೊರಗೆ ಮಾತಿರಲಿಲ್ಲ!

ಟಿಕೆಟ್ ಕೊಂಡು ಬಂದ ಕೇಳುಗರಿಗೆ ಇದು ವಂಚನೆಯೇ? ನನಗೆ ಹಾಗೆನಿಸುವುದಿಲ್ಲ. ಅವರು ಹಾಡು ಕೊಡುತ್ತೇವೆಂದು ಒಪ್ಪಿಕೊಂಡಿದ್ದರು, ಗೆಳೆತನ ತೋರಿಸುತ್ತೇವೆಂದು ಯಾರಿಗೂ ಹೇಳಿರಲಿಲ್ಲ. ಹಾಡಿನೊಳಗೆ ಕರೆಯುವುದೂ ಓಗೊಡುವುದೂ ನಿಂತಿರಲಿಲ್ಲ. 1975ರಲ್ಲಿ ಸ್ಟೀವ್ ಕ್ರಾಪರ್ ನಿರ್ಮಿಸಿದ 'ಬ್ಯಾಕ್ ಅಟ್ ಚಾ' ಆಲ್ಬಮನ್ನು ಏನೂ ತಿಳಿಯದೆ ಕೇಳಿದವನಿಗೆ ಈ ಇಬ್ಬರೂ ಮಾತು ಬಿಟ್ಟವರೆಂಬ ಸುಳಿವೂ ಸಿಗದು.

ನನ್ನ ತಕರಾರು ಬೇರೆ. ಆ ಮೌನದಿಂದ ಗುಂಡೇಟು ತಿಂದ ಹೆಣ್ಣಿಗೆ ಏನು ಸಿಕ್ಕಿತು? ಶಿಕ್ಷೆ ಎಂದರೆ ಅದು ಡ್ರೆಸ್ಸಿಂಗ್ ರೂಮಿನ ಬಾಗಿಲಿನೊಳಗೇ ಉಳಿಯಿತು. ಹೊರಗೆ ಪ್ರೇಟರ್ ಅವರಿಗೆ ಚಪ್ಪಾಳೆಯೂ ಇತ್ತು, ಅರ್ಧ ಸಂಪಾದನೆಯೂ ಇತ್ತು. ಮೂರ್ ಅವರಿಗೂ ಅಷ್ಟೇ. ಹಾಗೆಂದು ಮೂರ್ ಅವರನ್ನು ದೂರಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ತಾನು ಹೆರಾಯಿನ್ ಚಟಕ್ಕೆ ಬಿದ್ದಿದ್ದೆ ಎಂದು 1983ರಲ್ಲಿ ಅವರು ಬಹಿರಂಗವಾಗಿ ಒಪ್ಪಿಕೊಂಡರು. ಅಂಥವನಿಗೆ ನಾಳೆಯ ಕಾರ್ಯಕ್ರಮ ಬಿಡು ಎಂದು ಹೇಳುವುದು ನಮಗೆ ಸುಲಭ.

ಆದರೂ ಒಂದು ವಿಷಯ ಚುಚ್ಚುತ್ತದೆ. 1982ರ ಬಳಿಕ ಪ್ರೇಟರ್, ಸ್ಯಾಮ್ ಡೇನಿಯಲ್ಸ್ ಎಂಬ ಇನ್ನೊಬ್ಬ ಸ್ಯಾಮ್‌ನನ್ನು ಕಟ್ಟಿಕೊಂಡು 'ಸ್ಯಾಮ್ ಅಂಡ್ ಡೇವ್' ಹೆಸರಿನಲ್ಲೇ ಊರೂರು ಸುತ್ತಿದರು. ಆಗ ಮೂರ್ ಮೌನವಾಗಿರಲಿಲ್ಲ. ಕಾನೂನಿನ ಮೂಲಕ ತಡೆಯಲು ಯತ್ನಿಸಿದರು. ಹೆಣ್ಣಿನ ಮೈಗೆ ಗುಂಡು ಬಿದ್ದಾಗ ಮಾತು ಬಿಟ್ಟರೆ ಸಾಕೆನಿಸಿತು. ಜೋಡಿಯ ಹೆಸರಿಗೆ ಕೈಹಾಕಿದಾಗ ಸಾಲದೆನಿಸಿತು. ನಾವಿದ್ದಿದ್ದರೆ ಬೇರೆ ಮಾಡುತ್ತಿದ್ದೆವೇ?

1988ರ ಏಪ್ರಿಲ್ 9ರಂದು ಜಾರ್ಜಿಯಾ ರಾಜ್ಯದಲ್ಲಿ ನಡೆದ ಕಾರು ಅಪಘಾತದಲ್ಲಿ ಪ್ರೇಟರ್ ತೀರಿಕೊಂಡರು. ಆ ಬಳಿಕ ಕಥೆ ಹೇಳಲು ಉಳಿದವರು ಮೂರ್ ಒಬ್ಬರೇ. ಹಾಗಾಗಿ ನಾವು ಕೇಳುವ ಈ ಕಥೆ ಹೆಚ್ಚಾಗಿ ಬದುಕುಳಿದವರ ಕಥೆ. 2025ರ ಜನವರಿ 10ರಂದು, ತಮ್ಮ 89ನೇ ವಯಸ್ಸಿನಲ್ಲಿ, ಮೂರ್ ಕೂಡ ಹೋದರು. ಈ ಜೋಡಿಯ ಬಗ್ಗೆ ನಾನು ಓದಿದ ಬರಹಗಳಲ್ಲೆಲ್ಲ ಇಬ್ಬರು ಗಂಡಸರ ಹದಿಮೂರು ವರ್ಷದ ಮೌನಕ್ಕೆ ಪ್ಯಾರಾಗಟ್ಟಲೆ ಜಾಗವಿದೆ. ಆಕೆಗೆ ಸಿಕ್ಕಿದ್ದು ಒಂದು ವಾಕ್ಯ: ಗುಂಡು ತಗಲಿತು, ಬದುಕಿದರು.