ಚಿತ್ರದ ಅಂಚು

ಕಂಡುದನ್ನು ಕಂಡಂತೆಯೇ ತೋರಿಸದ ಚಿತ್ರಕಾರನನ್ನು ಸುಳ್ಳುಗಾರನೆನ್ನಬಹುದೆ? ಊರುಗಳು ನಮ್ಮ ಕಣ್ಣೆದುರಿಗೇ ರೂಪಾಂತರ ಹೊಂದುತ್ತಿರುವಾಗ ಈ ಪ್ರಶ್ನೆಯು ಕಲಾವಿದರಿಗೆ ಮಾತ್ರ ಸೇರಿದುದಾಗಿ ಉಳಿಯುವುದಿಲ್ಲ. ರಾಮನಗರದ ಬಂಡೆಬೆಟ್ಟಗಳ ಸೀಮೆಯಲ್ಲಿ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಹಾದುಹೋಗಿದೆ. ಅಲ್ಲಿ ಛಾಯಾಚಿತ್ರ ತೆಗೆಯುವವನು ಕ್ಯಾಮೆರಾವನ್ನು ತುಸು ಮೇಲಕ್ಕೆತ್ತಿದರೆ ಸಾಕು. ಹೆದ್ದಾರಿಯು ಮರೆಯಾಗಿ, ಬೆಟ್ಟವು ತಪಸ್ವಿಯಂತೆ ಒಂಟಿಯಾಗಿ ನಿಲ್ಲುವುದು. ಆತನು ಇಲ್ಲದುದನ್ನೇನೂ ಸೇರಿಸಿಲ್ಲ. ಇದ್ದುದನ್ನು ಬಿಟ್ಟಿದ್ದಾನೆ, ಅಷ್ಟೆ. ಈ ಬಿಡುವಿಕೆಯು ದೋಷವೆ?

ನಮ್ಮ ಸೀಮೆಗೆ ಇದು ಹೊಸ ಪ್ರಶ್ನೆಯಲ್ಲ. ಮಾಗಡಿಯ ಸಾವನದುರ್ಗವು 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾಯಿತು. ಮೋಜಣಿದಾರನಾಗಿದ್ದ ಕೋಲ್‌ಬ್ರೂಕನು ದುರ್ಗದ ಚಿತ್ರವನ್ನು ಬರೆದನು. ಈಡಿ ಎಂಬವನು ಅದನ್ನು ತಾಮ್ರದ ತಗಡಿಗೆ ಇಳಿಸಿದನು. ಆಕ್ವಾಟಿಂಟ್ ಎಂಬ ಈ ವಿಧಾನದಲ್ಲಿ ತಗಡಿನ ಮೇಲೆ ರಾಳದ ಪುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಾರೆ. ಆಮ್ಲವು ಹೆಚ್ಚು ಹೊತ್ತು ಕಚ್ಚಿದಷ್ಟೂ ನೆರಳು ಕಪ್ಪಾಗುವುದು. ಬೆಟ್ಟವನ್ನು ಬರೆದವನೊಬ್ಬ, ಅದರ ನೆರಳು ಎಷ್ಟು ಕಪ್ಪಾಗಿರತಕ್ಕದ್ದೆಂದು ನಿಶ್ಚಯಿಸಿದವನು ಮತ್ತೊಬ್ಬ! ವೀರಭದ್ರಸ್ವಾಮಿಯ ದರ್ಶನಕ್ಕೆ ಹೋಗುವ ಭಕ್ತನು ಕಾಣುವ ಬೆಟ್ಟವು ಅದಲ್ಲ. ಅದು ಗೆದ್ದವರ ಬೆಟ್ಟ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಚಿತ್ರದ ತಲೆಬರಹವೇ ಇದು ದಾಳಿಯ ನೋಟವೆಂದು ಹೇಳುತ್ತದೆ. ತಾನು ಯಾರ ಕಣ್ಣಿನಿಂದ ನೋಡುತ್ತಿರುವೆನೆಂಬುದನ್ನು ಅದು ಬಚ್ಚಿಡಲಿಲ್ಲ. ಗೆದ್ದವರ ಮೇಲೆ ನನಗೇನೂ ಪಕ್ಷಪಾತವಿಲ್ಲವಾದರೂ ಈ ಪ್ರಾಮಾಣಿಕತೆಯನ್ನು ಅಲ್ಲಗಳೆಯಲಾರೆ.

ಛಾಯಾಚಿತ್ರದ ಸ್ಥಿತಿಯು ಬೇರೆ. ಅಚ್ಚುಚಿತ್ರದಲ್ಲಿ ಕೈಯ ಗುರುತು ಕಾಣುವುದರಿಂದ ಯಾರೂ ಅದನ್ನು ಬೆಟ್ಟವೆಂದೇ ಭ್ರಮಿಸರು. ಛಾಯಾಚಿತ್ರವಾದರೋ ಬೆಳಕೇ ಬರೆದ ಸಾಕ್ಷಿಯಂತೆ ನಮ್ಮೆದುರು ನಿಲ್ಲುತ್ತದೆ. ಆದುದರಿಂದ ಹೆದ್ದಾರಿಯಿಲ್ಲದ ಆ ಚಿತ್ರದ ಕೆಳಗೆ ‘ಬೆಟ್ಟ’ ಎಂದು ಬರೆದರೆ ದೋಷವಿಲ್ಲ. ‘ಇಂದಿನ ರಾಮನಗರ’ ಎಂದು ಬರೆದರೆ ಅದೇ ಚಿತ್ರವು ಸುಳ್ಳುಸಾಕ್ಷಿಯಾಗುವುದು. ಅದೇ ಬೆಟ್ಟಗಳ ಬುಡದಲ್ಲಿ ರಾಮ್‌ಗಢವೆಂಬ ಊರನ್ನು ಕಟ್ಟಿ ಚಿತ್ರಿಸಿದ ‘ಶೋಲೆ’ಯು 1975ರಲ್ಲಿ ತೆರೆಕಂಡಿತು. ಅದು ಕಥೆಯೆಂದು ಹೇಳಿಯೇ ಕಥೆ ಹೇಳಿತು; ಅದರ ಮೇಲೆ ಆಕ್ಷೇಪಣೆಯಿಲ್ಲ.

ಎಲ್ಲ ಚಿತ್ರಕ್ಕೂ ಅಂಚುಂಟು, ಏನನ್ನಾದರೂ ಬಿಡಲೇಬೇಕು ಎಂದು ಕೆಲವರು ಆಕ್ಷೇಪಿಸಬಹುದು. ನಿಜ. ಆದರೆ ಆ ಅಂಚಿನಾಚೆಗೆ ಹೋಗುವವರು ಯಾರು? ಹೊಸ ಹೆದ್ದಾರಿಯು ಚನ್ನಪಟ್ಟಣವನ್ನು ಬಳಸಿ ಹೋದ ಮೇಲೆ ಹಳೆಯ ರಸ್ತೆಯ ಬೊಂಬೆಯಂಗಡಿಗಳ ಮುಂದೆ ನಿಲ್ಲುವ ವಾಹನಗಳು ಕಡಮೆಯಾದವು. ಸೊಬಗಿಗಾಗಿ ಹೆದ್ದಾರಿಯನ್ನು ಬಿಟ್ಟವನು ಈ ನಷ್ಟವನ್ನೂ ಕಾಣದಂತೆ ಮಾಡಿದನು. ಬಣ್ಣದ ಅರಗನ್ನು ತಿರುಗಣೆಯ ಬೊಂಬೆಗೆ ಒತ್ತಿಹಿಡಿದ ಕೈಯನ್ನೂ ಹೊಸ ರಸ್ತೆಯನ್ನೂ ಒಂದೇ ಹಾಳೆಯಲ್ಲಿ ಅಚ್ಚೊತ್ತುವ ಕಲಾವಿದನಿದ್ದರೆ, ಅಂಥ ನೋಟವನ್ನು ಯಾರ ಕಣ್ಣೂ ಒಮ್ಮೆಲೇ ಕಂಡಿರದಿದ್ದರೂ, ಆತನೇ ಹೆಚ್ಚು ಸತ್ಯವಂತನೆಂದು ನಾನು ಹೇಳುವೆನು.

ಅಚ್ಚಿನವರಲ್ಲಿ ಒಂದು ರೂಢಿಯುಂಟು: ಒಂದು ತಗಡಿನ ಮುದ್ರೆ ಬಿದ್ದ ಹಾಳೆಯ ಮೇಲೆಯೇ ಎರಡನೆಯ ತಗಡನ್ನು ಒತ್ತುವರು, ಮೊದಲಿನದು ಅಡಿಯಲ್ಲಿ ಕಾಣುತ್ತಲೇ ಇರುವುದು. ಕ್ಲೋಸ್‌ಪೇಟೆಯೆಂಬ ಹೆಸರಿನ ಮೇಲೆ ರಾಮನಗರವು ಬಿದ್ದಿತು; ಅದೇ ಹೆಸರಿನಿಂದ 2007ರಲ್ಲಿ ಜಿಲ್ಲೆಯಾಯಿತು; 2025ರಲ್ಲಿ ಸರ್ಕಾರವು ಜಿಲ್ಲೆಯ ಮೇಲೆ ಬೆಂಗಳೂರು ದಕ್ಷಿಣವೆಂಬ ಮತ್ತೊಂದು ತಗಡನ್ನು ಒತ್ತಿದೆ.