ಕೀಡೆಯ ಋಣ

ಸದ್ಭಕ್ತರೇ, ಬೆಟ್ಟ ಹತ್ತಿ ಬಂದು ಮಂಟಪದ ನೆರಳಿಗೆ ಕುಳಿತಾಗ ಒಮ್ಮೆ ತಲೆಯೆತ್ತಿ ನೋಡಿರಿ. ಕಂಬದ ಸಂದಿಯಲ್ಲೋ ಜಂತಿಯ ಕೆಳಗೋ ಪುಟ್ಟ ಗಡಿಗೆಯಂಥ ಮಣ್ಣಿನ ಗೂಡು ಕಂಡೀತು. ಅದು ಕುಂಬಾರ ಹುಳದ ಮನೆ. ಬೆಳಗಾವಿಯ ಹಳೇ ವಾಡೆಗಳಲ್ಲಿ, ಖಾನಾಪುರದ ಹಂಚಿನ ಮನೆಗಳಲ್ಲಿ ಇದನ್ನು ನೋಡದವರಿಲ್ಲ. ಗಡಿಗೆ, ಹಂಚಿಗೆ ಹೆಸರಾದ ಖಾನಾಪುರದ ಮಣ್ಣಿನಲ್ಲಿ ಮನುಷ್ಯರಷ್ಟೇ ಅಲ್ಲ, ಹುಳವೂ ಕುಂಬಾರಿಕೆ ಮಾಡುತ್ತದೆ!

ಈ ಹುಳವನ್ನು ಹಿರಿಯರು ಗುರುವೆಂದೇ ಕರೆದರು. ಭಾಗವತದ 11ನೇ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ 24 ಗುರುಗಳನ್ನು ಹೇಳುತ್ತಾನೆ. ಅವರಲ್ಲಿ ಇದೂ ಒಂದು. ಹುಳವು ಕೀಡೆಯನ್ನು ತಂದು ಗೂಡಿನಲ್ಲಿ ಇಡುತ್ತದೆ, ಕೀಡೆ ಅದನ್ನೇ ನೆನೆ ನೆನೆದು ಕಡೆಗೆ ಅದೇ ರೂಪ ಪಡೆಯುತ್ತದೆ. ಹಾಗೆಯೇ ದೇವರನ್ನು ನೆನೆಯುವವನು ದೇವರೇ ಆಗುತ್ತಾನೆ. ಇದೇ ಕೀಟ-ಭ್ರಮರ ನ್ಯಾಯ.

ಗೂಡಿನೊಳಗೆ ನಿಜಕ್ಕೂ ನಡೆಯುವುದೇನು? ಈಗ ಅದನ್ನು ಒಡೆದು ನೋಡಿ ತಿಳಿದವರಿದ್ದಾರೆ. ತಾಯಿಹುಳ ಮೊದಲು ಗಡಿಗೆ ಕಟ್ಟಿ, ಒಳಗೆ ಸಣ್ಣ ಎಳೆಯೊಂದಕ್ಕೆ ತತ್ತಿಯನ್ನು ತೂಗುಬಿಡುತ್ತದೆ. ಆಮೇಲೆ ಹಸಿರು ಕೀಡೆಗಳನ್ನು ಹಿಡಿದು, ಕೊಂಡಿಯಿಂದ ಚುಚ್ಚಿ ತಂದು ತುಂಬುತ್ತದೆ. ಕೀಡೆ ಸಾಯುವುದಿಲ್ಲ, ಅಲುಗಾಡಲೂ ಆಗುವುದಿಲ್ಲ. ಬಾಯಿಗೆ ಮಣ್ಣು ಮೆತ್ತಿ ತಾಯಿ ಹಾರಿಹೋಗುತ್ತದೆ. ತತ್ತಿಯೊಡೆದು ಬಂದ ಮರಿಹುಳಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ತಿನ್ನುವುದೊಂದೇ ಕೆಲಸ. ಆ ಕೀಡೆಗಳನ್ನೇ ತಿಂದು ಬಲಿತು, ಕೋಶವಾಗಿ ಕತ್ತಲಲ್ಲಿ ನಿಶ್ಚಲವಾಗಿ ಇದ್ದು, ಮೈಯೆಲ್ಲ ಹೊಸದಾಗಿ ರೂಪುಗೊಂಡ ಮೇಲೆ ಮಣ್ಣು ಕೊರೆದು ಹೊರಗೆ ಬರುತ್ತದೆ. ತತ್ತಿ, ಮರಿಹುಳ, ಕೋಶ, ರೆಕ್ಕೆಯ ಹುಳ: ಹೀಗೆ 4 ಅವಸ್ಥೆ. ಹಾರಿದ್ದು ಕೀಡೆಯಲ್ಲ, ಕೀಡೆಯನ್ನು ಉಂಡು ಬೆಳೆದ ಕೂಸು.

ಹಾಗಾದ್ರೆ ಶಾಸ್ತ್ರ ಸುಳ್ಳಾಯಿತೇ ಅಂತ ಕೇಳುವವರುಂಟು. ಆಗಲಿಲ್ಲ. ಮನಸ್ಸು ಏನನ್ನು ಹಿಡಿದು ಕೂರುತ್ತದೋ ಅದೇ ಆಗುತ್ತದೆ ಎಂಬ ಮಾತು ಹುಳದ ಮೇಲೆ ನಿಂತಿಲ್ಲ, ಸಾಧಕರ ಅನುಭವದ ಮೇಲೆ ನಿಂತಿದೆ. ದೃಷ್ಟಾಂತ ಸಡಿಲಾದರೂ ಸಿದ್ಧಾಂತ ಅಳಿಯದು. ಆದರೆ ಗೂಡಿನ ಸತ್ಯ ತಿಳಿದ ಮೇಲೆ ಇನ್ನೊಂದು ಪಾಠ ಸಿಗುತ್ತದೆ. ಇಷ್ಟು ದಿನ ಎಲ್ಲರೂ ಹಾರಿದವನನ್ನು ಕೊಂಡಾಡಿದರು, ಒಳಗೇ ಉಳಿದ ಕೀಡೆಯನ್ನು ಯಾರೂ ಕೇಳಲಿಲ್ಲ. ಆ ಕೀಡೆಗೂ ರೆಕ್ಕೆಯಿತ್ತು! ಬಿಟ್ಟಿದ್ದರೆ ಅದೂ ಕೋಶ ಕಟ್ಟಿ ಪತಂಗವಾಗಿ ಹಾರುತ್ತಿತ್ತು.

ಈಗ ನಮ್ಮ ನಮ್ಮ ಮನೆಗಳನ್ನು ನೋಡೋಣ. ತಮ್ಮ ಇಂಜಿನಿಯರ್ ಆಗಲೆಂದು ಅಣ್ಣ ಏಳನೇತ್ತೆಗೆ ಶಾಲೆ ಬಿಟ್ಟು ಉದ್ಯಮಬಾಗದ ಫೌಂಡ್ರಿಯಲ್ಲಿ ಬೆಂಕಿಯ ಮುಂದೆ ನಿಂತಿರುತ್ತಾನೆ. ಅವ್ವ ಭತ್ತದ ಗದ್ದೆಯ ಕೆಸರಿನಲ್ಲಿ ಬಗ್ಗಿದ ಸೊಂಟ ಮತ್ತೆ ನೆಟ್ಟಗಾಗಿರುವುದಿಲ್ಲ. ಕೂಸು ಎತ್ತಿಕೊಳ್ಳಲು ಯಾರೂ ಇಲ್ಲವೆಂದು ಹಿರೇಮಗಳ ಪಾಟೀಚೀಲ ಗೂಟಕ್ಕೆ ಬಿದ್ದಿರುತ್ತದೆ. "ನಿನಗೂ ಓದೋ ಆಸೆ ಇತ್ತೇನವ್ವಾ?" ಅಂತ ಅವಳನ್ನು ಕೇಳಿದವರೆಷ್ಟು ಮಂದಿ? ಮನೆಯಲ್ಲಿ ಒಬ್ಬನಿಗೆ ರೆಕ್ಕೆ ಬಂದಾಗ ಪೇಢೆ ಹಂಚುತ್ತಾರೆ. ಯಾರ ಅನ್ನದಿಂದ ಆ ರೆಕ್ಕೆ ಬಂತು ಅನ್ನುವುದು ಮರೆತುಹೋಗುತ್ತದೆ.

ಮರಿಹುಳಕ್ಕೆ ಪಾಪವಿಲ್ಲ. ಅದಕ್ಕೆ ಬೇರೆ ದಾರಿಯಿಲ್ಲ, ಉಂಡದ್ದು ಯಾರನ್ನು ಎಂಬ ಅರಿವೂ ಇಲ್ಲ. ಮನುಷ್ಯನಿಗೆ ಅರಿವಿದೆ, ಅದಕ್ಕೇ ಮರೆವು ಅವನಿಗೆ ಪಾಪವಾಗುತ್ತದೆ. ಶರಣರು ಕಾಯಕದ ಜೊತೆಗೇ ದಾಸೋಹವನ್ನು ಇಟ್ಟದ್ದು ಇದಕ್ಕೇ. ಪಡೆದವನು ಕೊಡಬೇಕು. ರೆಕ್ಕೆಯ ಕುಂಬಾರ ಹುಳವೇ ನೋಡ್ರಿ, ಬಲಿತ ಮೇಲೆ ತಾನು ಹೂವಿನ ಮಕರಂದ ಕುಡಿದು ಬದುಕುತ್ತದೆ. ಬೇಟೆಯಾಡಿ ತಂದದ್ದೆಲ್ಲ ಕೂಸಿಗೆ.

ಆದ್ದರಿಂದ ದೇವರ ಮುಂದೆ ನಿಂತಾಗ "ನನ್ನನ್ನು ಎತ್ತರಕ್ಕೆ ಏರಿಸಪ್ಪಾ" ಎಂದಷ್ಟೇ ಬೇಡಬೇಡಿರಿ. ನಿಮಗಾಗಿ ನೆಲದಲ್ಲೇ ಉಳಿದವರ ಹೆಸರು ಹಿಡಿದು ಒಂದು ಕಾಯಿ ಒಡೆಯಿರಿ. ಊರಿಗೆ ಹೋಗಿ ಅವರ ಕಾಲು ಮುಟ್ಟಿರಿ, ಕೈಲಾದದ್ದು ಕೊಡಿರಿ. ಅಕ್ಕನ ಮಗಳನ್ನು ಓದಿಸಿರಿ, ಅಣ್ಣನ ಔಷಧಕ್ಕೆ ನಿಲ್ಲಿರಿ. ಇಂದು ನಿಮ್ಮ ಮನೆಯ ಯಾವ ಕೂಸಿನ ರೆಕ್ಕೆಯೂ ಇನ್ನೊಬ್ಬರಿಗಾಗಿ ಮುರಿಯದಂತೆ ನೋಡಿಕೊಳ್ಳಿರಿ.

ಮಂಟಪದ ಮಣ್ಣಿನ ಗೂಡನ್ನು ಕೋಲಿನಿಂದ ಕೆಡವಬೇಡಿರಿ. ಬೆಳೆ ತಿನ್ನುವ ಕೀಡೆಗಳನ್ನು ಹಿಡಿಯುವ ಈ ಹುಳ ರೈತರ ಗೆಳೆಯ. ಒಳಗೆ ಒಂದು ಜೀವ ಕತ್ತಲಲ್ಲಿ ರೂಪಗೊಳ್ಳುತ್ತಿದ್ದೀತು.

ಸರ್ವರಿಗೂ ಮಂಗಲವಾಗಲಿ.