ಕಾಯಕದ ರೂಪವನ್ನು ನಿರ್ಣಯಿಸುವವರು ಯಾರು?

ಕಾಯಕದ ಮಹಿಮೆಯನ್ನು ಕುರಿತ ವ್ಯಾಖ್ಯಾನಗಳು ನಮ್ಮಲ್ಲಿ ವಿಪುಲವಾಗಿವೆ. ಕಾಯಕದ ರೂಪವನ್ನು ಕುರಿತ ಜಿಜ್ಞಾಸೆ ವಿರಳ. ಒಂದು ಕೆಲಸದಲ್ಲಿ ಏನೇನು ಅಡಗಿದೆ, ಅದಕ್ಕೆ ಯಾವ ಅರಿವು ಬೇಕು, ಅದರಲ್ಲಿ ಎಷ್ಟು ಭಾಗವನ್ನು ಒಬ್ಬನ ಪಾಲಿಗೆ ಒಪ್ಪಿಸಬೇಕು ಎಂಬ ವಿಚಾರಣೆಯನ್ನು ಈಗಿನ ಆಡಳಿತಶಾಸ್ತ್ರವು ಉದ್ಯೋಗ ವಿಶ್ಲೇಷಣೆ, ಉದ್ಯೋಗ ವಿನ್ಯಾಸ ಎಂದು ಕರೆಯುತ್ತದೆ. ಹೆಸರು ಕಾರ್ಖಾನೆಯದು, ಪ್ರಶ್ನೆ ಮಾತ್ರ ತೋಟದ್ದೂ ಹೌದು.

ನಮ್ಮ ದಂಡಿನಶಿವರದ ಸೀಮೆಯನ್ನೇ ತೆಗೆದುಕೊಳ್ಳೋಣ. ತೆಂಗಿನ ಮರ ಹತ್ತುವವನಿಗೆ ಮರಕ್ಕಿಷ್ಟು ಎಂದು ಕೂಲಿ ಗೊತ್ತುಮಾಡುವುದು ರೂಢಿ. ಮೇಲೇರಿದವನ ಕಣ್ಣಿಗೆ ಬೀಳುವುದು ಬಲಿತ ಗೊನೆಯೊಂದೇ ಅಲ್ಲ. ಒಣಗಿದ ಗರಿ, ಎಳೆಗಾಯಿಯ ತೊಟ್ಟಿನ ಬಳಿಯ ನುಸಿ, ಗರಿಯ ಹಸುರನ್ನು ಕೆರೆದು ತಿನ್ನುವ ಕಪ್ಪುತಲೆ ಹುಳು, ಇವೆಲ್ಲವನ್ನೂ ಅವನು ಕೈಯಳತೆಯಲ್ಲಿ ಕಾಣಬಲ್ಲನು. ಕೆಳಗೆ ನಿಂತ ತೋಟದೊಡೆಯನಿಗೆ ಕಾಣುವುದು ನೆಲಕ್ಕೆ ಬಿದ್ದ ಕಾಯಿ ಮಾತ್ರ. ಆದರೆ ಒಪ್ಪಂದವು ಕಣ್ಣಿಗೆ ಕೂಲಿ ಕೊಡದೆ ಮರದ ಎಣಿಕೆಗೆ ಕೊಡುತ್ತದೆ. ಆದುದರಿಂದ ಅವನು ಕಾಯಿ ಕೆಡಹಿ, ಸುಳಿಯ ಸುತ್ತ ಕೈಯಾಡಿಸದೆ, ಮುಂದಿನ ಮರಕ್ಕೆ ಧಾವಿಸುತ್ತಾನೆ. ಒಡೆಯನು ಜಗಲಿಯ ಮೇಲೆ ಕುಳಿತು, ಆಳುಗಳಲ್ಲಿ ನಿಷ್ಠೆ ಉಳಿದಿಲ್ಲವೆಂದು ನಿಟ್ಟುಸಿರುಬಿಡುತ್ತಾನೆ. ಕೆಲಸದ ಕಟ್ಟಿನಲ್ಲಿರುವ ದೋಷವನ್ನು ಕೆಲಸಗಾರನ ಶೀಲಕ್ಕೆ ಆರೋಪಿಸುವುದು ನ್ಯಾಯವೆ? ಅಲ್ಲವೆಂಬುದೇ ನನ್ನ ಮತ.

ಕೊಬ್ಬರಿಯ ಕೆಲಸವಂತೂ ಇನ್ನೂ ಸೂಕ್ಷ್ಮ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿಯು ಅವಸರದಿಂದ ಆಗುವ ಪದಾರ್ಥವಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಮೆ ವರ್ಷದವರೆಗೆ, ಇಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಿಸಿದಾಗ ಸದ್ದುಮಾಡಬೇಕು. ಅನಂತರ ಸಿಪ್ಪೆ ಸುಲಿದು, ಉಂಡೆಗೆ ಪೆಟ್ಟು ತಗುಲದಂತೆ ಚಿಪ್ಪನ್ನು ಒಡೆದು ತೆಗೆಯಬೇಕು. ಹೋಳಾದರೆ ಬೆಲೆ ಕುಸಿಯಿತು. ಯಾವ ಕಾಯಿ ಒಣಗಿದೆ, ಯಾವುದು ಇನ್ನೂ ಅಟ್ಟದಲ್ಲಿರಬೇಕು ಎಂಬುದನ್ನು ಪಳಗಿದ ಕೈಯೂ ಕಿವಿಯೂ ಕ್ಷಣಮಾತ್ರದಲ್ಲಿ ಅರಿಯುತ್ತವೆ. ಆದರೆ ಒಡೆದ ಕಾಯಿಯ ಲೆಕ್ಕಕ್ಕಷ್ಟೇ ಕೂಲಿ ಎಂದಾದರೆ, ಹಸಿಯೆಂದು ಬದಿಗಿಟ್ಟ ಪ್ರತಿಯೊಂದು ಕಾಯಿಯೂ ಒಡೆಯುವವಳಿಗೆ ನಷ್ಟ. ತಿಳಿದು ಮಾಡಿದ್ದಕ್ಕೆ ದಂಡ ತೆರುವುದೆಂದರೆ ಇದೇ.

ಪಶ್ಚಿಮದಲ್ಲಿ ಈ ವಿಚಾರವನ್ನು ಶಾಸ್ತ್ರವಾಗಿಸಿದವರಲ್ಲಿ ಮುಖ್ಯನು ಅಮೆರಿಕದ ಫ್ರೆಡರಿಕ್ ಟೇಲರ್. 1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಕಬ್ಬಿಣದ ಗಟ್ಟಿಗಳನ್ನು ಹೊರುವವರ ವೃತ್ತಾಂತವನ್ನು ಹೇಳುತ್ತಾನೆ. ದಿನಕ್ಕೆ ಹನ್ನೆರಡೂವರೆ ಟನ್ನು ಹೊರುತ್ತಿದ್ದವನು 47 ಟನ್ನು ಹೊತ್ತನಂತೆ, ದಿನಗೂಲಿ 1.15 ಡಾಲರಿನಿಂದ 1.85ಕ್ಕೆ ಏರಿತಂತೆ. ಹೊರೆ ನಾಲ್ಮಡಿಯ ಸಮೀಪಕ್ಕೆ ಬಂದರೂ ಕೂಲಿಯು ಇಮ್ಮಡಿಯೂ ಆಗಲಿಲ್ಲ! ಊಹೆಯ ಬದಲು ಅಳತೆಯನ್ನು ತಂದುದು ಅವನ ಗುಣವೆಂಬುದನ್ನು ಒಪ್ಪಲೇಬೇಕು. ಆದರೆ ಚಿಂತನೆ ಕಚೇರಿಗೆ, ಬೆವರು ಅಂಗಳಕ್ಕೆ ಎಂದು ಅವನು ಎಳೆದ ಗೆರೆ ಮನುಷ್ಯನನ್ನೇ ಸೀಳಿತು. 1976ರಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ವಿದ್ವಾಂಸರು ಕೆಲಸದಲ್ಲಿ ವೈವಿಧ್ಯ, ಪೂರ್ಣತೆ, ಸಾರ್ಥಕ್ಯ, ಸ್ವಾತಂತ್ರ್ಯ, ಫಲದ ಅರಿವು ಇರಬೇಕೆಂದು ಪ್ರತಿಪಾದಿಸಿದುದು ಆ ಗೆರೆಯನ್ನು ಅಳಿಸುವ ದಿಕ್ಕಿನಲ್ಲಿಯೇ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಆ ಗೆರೆಗೆ ಎಡೆಯಿರಲಿಲ್ಲ. ಅಂಬಿಗರ ಚೌಡಯ್ಯನು ಹುಟ್ಟು ಹಾಕುತ್ತಲೇ ನುಡಿದನು. ಕದಿರ ರೆಮ್ಮವ್ವೆಯು ತನ್ನ ರಾಟಿಯ ಅಂಗಾಂಗಗಳಿಂದಲೇ ತತ್ತ್ವವನ್ನು ಕಟ್ಟಿದಳು. ಕೆಲಸವನ್ನು ವರ್ಣಿಸುವ ಅಧಿಕಾರವು ಮಾಡುವವರ ಕೈಯಲ್ಲಿಯೇ ಇದ್ದಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಿರುಗಿಸೆಂದವಳು ಲಕ್ಕಮ್ಮ; ಮಹಾಮನೆಯ ಯಾವ ಅಧಿಕಾರಿಯೂ ಅಲ್ಲ. ಅಳತೆಯನ್ನು ನಿಶ್ಚಯಿಸಿದುದು ಅದರಿಂದ ಬದುಕುವ ಮನೆಯೇ.

ಈ ಕಥೆಯನ್ನು ಕೂಲಿಯವರಿಗೆ ಸಂತೋಷದಿಂದ ಹೇಳುವ ಧಣಿಗಳನ್ನು ನಾನು ಕಂಡಿದ್ದೇನೆ. ಹೆಚ್ಚು ಬೇಡದಿರುವುದೇ ಕಾಯಕವೆಂದು ಅವರ ವ್ಯಾಖ್ಯಾನ. ಲಕ್ಕಮ್ಮನು ತನ್ನ ಮನೆಗೆ ವಿಧಿಸಿಕೊಂಡ ನಿಯಮವನ್ನು ಪರರ ಹೊಟ್ಟೆಗೆ ವಿಧಿಸುವುದು ವಚನಾರ್ಥವಲ್ಲ, ವಚನದ ದುರುಪಯೋಗ. ತಕ್ಕುದನ್ನಷ್ಟೇ ಪಡೆಯುವ ವ್ರತಕ್ಕೆ ತಕ್ಕುದನ್ನು ಕೊಡುವ ವ್ರತವು ಜೊತೆಯಾಗಬೇಡವೆ?

2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ಕೇರಳದಲ್ಲಿ ‘ತೆಂಗಿನ ಮರಗಳ ಸ್ನೇಹಿತರು’ ಎಂಬ ತರಬೇತಿಯನ್ನು ಆರಂಭಿಸಿತು. ಯಂತ್ರದ ನೆರವಿನಿಂದ ಮರವೇರುವುದರ ಜೊತೆಗೆ ಸಸ್ಯಸಂರಕ್ಷಣೆಯನ್ನೂ ಅಲ್ಲಿ ಕಲಿಸಿದರು. ಅಪಘಾತದ ವಿಮೆಯನ್ನೂ ಸೇರಿಸಿದರು. ಮರ ಹತ್ತುವವನ ಕಣ್ಣು ಆಗ ಕೆಲಸದೊಳಕ್ಕೆ ಬಂದಿತು. ನಮ್ಮ ಅಟ್ಟದ ಕೆಳಗಣ ಕೆಲಸಕ್ಕೂ ಇಂತಹ ವಿಚಾರಣೆ ಬೇಕು. ಅದಕ್ಕೆ ದೊಡ್ಡ ಮಂಡಳಿಯೇನೂ ಬೇಡ. ಸುಲಿಯುವವರನ್ನೂ ಒಡೆಯುವವರನ್ನೂ ಕೂರಿಸಿಕೊಂಡು ಒಡೆಯನು ಕೇಳಲಿ. ಹಸಿಯೆಂದು ಅವರು ಬದಿಗಿಟ್ಟ ಕಾಯಿಯನ್ನೂ ಆ ದಿನದ ಕೂಲಿಯ ಲೆಕ್ಕಕ್ಕೆ ಹಿಡಿಯಲಿ.